ಮೂವತ್ತೊಂದು ವರ್ಷದ ಮಗು

ಸರ್ಕಾರಿ ಕಚೇರಿಯಲ್ಲಿ ಕೂತು ಮೂವತ್ತು ವರ್ಷ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿದವನು ನಾನು. ಹಾಗಾಗಿ ಭವ್ಯಳನ್ನು ದತ್ತು ತೆಗೆದುಕೊಳ್ಳುವ ಕೆಲಸ ಒಂದೇ ಬೆಳಗ್ಗೆ ಮುಗಿಯುತ್ತದೆ ಎಂದು ನಂಬಿದ್ದೆ.

ಭವ್ಯ ವಿದ್ಯಾರಣ್ಯಪುರಂನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವಳು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕೆಲಸ. ನಮಗೆ ಮಕ್ಕಳಿಲ್ಲ. ನನ್ನ ಹೆಂಡತಿ ಸರೋಜಳ ಮಂಡಿ ಆಪರೇಷನ್ ಆದಾಗ ರಜೆ ಹಾಕಿ ಆಸ್ಪತ್ರೆಯಲ್ಲಿ ನಿಂತವಳು ಅವಳೇ. ನಾನು ರಕ್ತ ನೋಡಿ ತಲೆ ಸುತ್ತಿ, ಪಕ್ಕದ ಮಂಚದಲ್ಲಿ ಮಲಗಿದ್ದೆ. ಅಲ್ಲಿಯ ಕಾಗದದಲ್ಲಿ 'ರೋಗಿಗೆ ಏನಾಗಬೇಕು' ಎಂಬಲ್ಲಿ ಅವಳು 'ಬಾಡಿಗೆಯವರು' ಎಂದು ಬರೆದಳು. ಅದನ್ನು ಓದಿದವನೇ, ಅಲ್ಲಿ 'ಮಗಳು' ಎಂದು ಬರೆಯುವ ಹಕ್ಕನ್ನು ಕೊಡಿಸಿಯೇ ಸಿದ್ಧ ಎಂದುಕೊಂಡೆ. ಎಲ್ಲರಿಗೂ ಅಚ್ಚರಿಯಾಗಲೆಂದು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ, ಭವ್ಯಳಿಗೂ ಇಲ್ಲ.

ವಕೀಲರು ಸಂತೋಷದಿಂದ ಪೆನ್ನು ತೆಗೆದರು.

"ಮಗೂಗೆ ಎಷ್ಟು?"

"ಮೂವತ್ತೊಂದು."

"ದಿನವಾ?"

"ವರ್ಷ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಹದಿನೈದು ತುಂಬಿದ್ರೆ ಕಾಯ್ದೆ ಒಪ್ಪಲ್ಲ, ಸಾರ್. ನಿಮ್ಮ ಜನದಲ್ಲಿ ದೊಡ್ಡವರನ್ನೂ ದತ್ತು ತಗೊಳ್ಳೋ ರೂಢಿ ಇದ್ರೆ ಮಾತ್ರ ಸಾಧ್ಯ. ಅದಕ್ಕೂ ಸಾಕ್ಷಿ ಬೇಕು."

ಸಾಕ್ಷಿ ಹುಡುಕಿಕೊಂಡು ದಟ್ಟಗಳ್ಳಿಯಲ್ಲಿರುವ ನನ್ನ ಸೋದರತ್ತೆಯ ಮನೆಗೆ ಹೋದೆ. ಅವರಿಗೆ ಎಂಬತ್ತೆಂಟು. ಕಿವಿ ಮಂದ, ಫೋನ್ ಬಳಕೆ ಚುರುಕು. ನಾನು ಕೂಗಿ ಕೂಗಿ ಹೇಳಿದ್ದರಲ್ಲಿ 'ದತ್ತು' ಜಾರಿಹೋಗಿ, 'ಹುಡುಗಿ' ಮತ್ತು 'ಮನೆ ತುಂಬಿಸ್ಕೋಬೇಕು' ಮಾತ್ರ ಕಿವಿಗೆ ಬಿದ್ದವು.

"ಸರೋಜ ಒಪ್ಪಿದ್ಲೇನೋ?"

"ಅವಳಿಗಿನ್ನೂ ಹೇಳಿಲ್ಲ ಅತ್ತೆ."

"ಈ ವಯಸ್ನಲ್ಲಿ ನಿನಗ್ಯಾಕೆ ಬಂತೋ ಈ ಬುದ್ಧಿ?"

ನಾನು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಸರೋಜಳಿಗೆ ಆರು ಫೋನ್ ಬಂದಿದ್ದವು. ಊರುಗೋಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಎರಡನೇ ಮದುವೆಯಂತಲ್ರೀ?"

"ಅಯ್ಯೋ, ದತ್ತು ಕಣೇ! ನಮ್ಮ ಭವ್ಯನ್ನ!"

ಕೆಲಸ ಮುಗಿಸಿ ಬಂದ ಭವ್ಯ ಗೇಟಿನಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು.

"ನನ್ನ ಒಂದ್ಮಾತು ಕೇಳಿದ್ರಾ ಅಂಕಲ್? ಊರಲ್ಲಿ ನಮ್ಮಮ್ಮ ಗಟ್ಟಿಮುಟ್ಟಾಗಿದ್ದಾಳೆ. ಅವಳಿಗೆ ಏನಂತ ಹೇಳ್ಲಿ?"

ಅಪ್ಪನಾಗಲು ಹೊರಟವನು ತಾಯಿಯೊಬ್ಬಳಿದ್ದಾಳೆ ಎಂಬುದನ್ನೇ ಮರೆತಿದ್ದೆ. ತಪ್ಪು ಹುಡುಕುವ ನನ್ನ ಅನುಭವವೆಲ್ಲ ಬೇರೆಯವರ ಅರ್ಜಿಗಳಿಗೆ ಮೀಸಲಾಗಿತ್ತು.

ಭಾನುವಾರ ಆ ತಾಯಿ ಟಿ. ನರಸೀಪುರದಿಂದ ಬಂದೇಬಿಟ್ಟರು. ಬೈಗುಳ ತಿನ್ನಲು ಸಿದ್ಧನಾಗಿ ಕೂತೆ. ಆಕೆ ಕಾಫಿ ಕುಡಿದು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಣ್ಣಾ, ಮಗಳನ್ನ ಕೊಟ್ಬುಡಕ್ಕಾಗಲ್ಲ. ನಂಗೆ ಒಡಹುಟ್ದೋರು ಯಾರೂ ಇಲ್ಲ, ನೀವು ಅವಳಿಗೆ ಸೋದರಮಾವ ಆಗ್ಬುಡಿ. ಇವಳಿಗೆ ಗಂಡು ಗೊತ್ತಾಯ್ತು, ಮುಂದಿನ ತಿಂಗಳು ಮದ್ವೆ. ಹೆಣ್ಣನ್ನ ಸೋದರಮಾವನೇ ಎತ್ಕೊಂಡು ಮಂಟಪಕ್ಕೆ ತರಬೇಕು."

ಸ್ಟಾಂಪ್ ಪೇಪರಿಲ್ಲ, ಸಾಕ್ಷಿಯಿಲ್ಲ. ಕಣ್ಣೊರೆಸಿಕೊಂಡು ಒಪ್ಪಿಬಿಟ್ಟೆ. ಭವ್ಯ ಸೆರಗಿಲ್ಲದ್ದರಿಂದ ದುಪಟ್ಟಾದಲ್ಲಿ ನಗು ಮುಚ್ಚಿಕೊಂಡಳು.

ನಿನ್ನೆ ಅಂಗಳದಲ್ಲಿ ಇಪ್ಪತ್ತೈದು ಕಿಲೋ ಅಕ್ಕಿ ಮೂಟೆ ಎತ್ತಿ ಅಭ್ಯಾಸ ಶುರು ಮಾಡಿದೆ. ಸೊಂಟ ಟಕ್ಕೆಂದಿತು. ಇದನ್ನು ಬೋರಲು ಮಲಗಿ ಬರೆಯುತ್ತಿದ್ದೇನೆ.

ಮೂಟೆಯನ್ನೂ ನನ್ನನ್ನೂ ಒಳಗೆ ಹೊತ್ತು ತಂದವಳು ಭವ್ಯ.