ಲಂಡನ್ನಿನ ತಲೆ, ಅಮೆರಿಕದ ಬಾಲ

ಸಾವಿರದ ಒಂಬೈನೂರ ಐವತ್ತೇಳರಲ್ಲಿ ನಾನು ಓದು ನಿಲ್ಲಿಸಿದೆ. ಹೀಗೆ ಹೇಳಿದರೆ ಏನೋ ದೊಡ್ಡ ತ್ಯಾಗ ಮಾಡಿದವನ ಹಾಗೆ ಕೇಳಿಸುತ್ತದೆ. ನಿಜ ಹೇಳಬೇಕೆಂದರೆ, ಎಂಟನೇ ಕ್ಲಾಸಿನ ಇಂಗ್ಲಿಷ್ ಪರೀಕ್ಷೆಗೆ ಎರಡನೇ ಸಲ ಕೂತು, ಪ್ರಶ್ನೆಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ, ಕಾಗದ ಚೆನ್ನಾಗಿದೆ ಅನ್ನುವುದೊಂದು ಬಿಟ್ಟು ಬೇರೇನೂ ತಿಳಿಯದೆ ಎದ್ದು ಬಂದೆ. ನನ್ನ ಕಸುಬು ಆವತ್ತೇ ಗೊತ್ತಾಗಬೇಕಿತ್ತು. ಬಿಳಿಗೆರೆಯಿಂದ ತಿಪಟೂರಿಗೆ ಬಂದು ಸೋದರಮಾವನ ಬೈಂಡಿಂಗ್ ಅಂಗಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತವನು ಇವತ್ತಿನವರೆಗೂ ಎದ್ದಿಲ್ಲ. ಮಾವ ತೀರಿಕೊಂಡರು, ಅಂಗಡಿ ನನ್ನದಾಯಿತು. ಈ ಊರಿನಲ್ಲಿ ಓದಿದವರು ಅಂತ ಯಾರು ಯಾರು ಎದೆ ಸೆಟೆಸಿಕೊಂಡು ಓಡಾಡುತ್ತಾರೋ ಅವರೆಲ್ಲರ ಪುಸ್ತಕದ ಬೆನ್ನು ನನ್ನ ಕೈಲಿ ಹೊಲಿಸಿಕೊಂಡದ್ದೇ. ಪುಸ್ತಕದ ಒಳಗೆ ಏನಿದೆ ಅಂತ ಅವರಿಗೆ ಗೊತ್ತು. ಪುಸ್ತಕ ಬಿದ್ದುಹೋಗದ ಹಾಗೆ ಯಾವುದು ಹಿಡಿದಿದೆ ಅಂತ ನನಗೆ ಗೊತ್ತು. ಅವರಿಗಿಂತ ನಾನೇನೂ ಕಡಿಮೆಯಲ್ಲ ಅಂತಲೇ ಬಾಳಿದವನು ನಾನು.

ನಮ್ಮ ಕಡೆ ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿಸಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗುಡುಗುಡು ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಅಂತ ಅರ್ಥ. ನಾನು ಪುಸ್ತಕವನ್ನೂ ಹಾಗೇ ಅಲ್ಲಾಡಿಸುತ್ತೇನೆ. ಸದ್ದು ಬಂದರೆ ಹೊಲಿಗೆ ಹೋಗಿದೆ. ಅದು ಕನ್ನಡವೋ, ಇಂಗ್ಲಿಷೋ, ಉರ್ದುವೋ, ನನ್ನ ಕಿವಿಗೆ ಎಲ್ಲ ಒಂದೇ. ಅಂಟಿಗೆ ಮೈದಾಹಿಟ್ಟು ಕುದಿಸಿ, ಹುಳ ಬೀಳದಿರಲಿ ಅಂತ ಚೂರು ಮೈಲುತುತ್ತ ಹಾಕುತ್ತೇನೆ. ಈ ಮೈದಾಹಿಟ್ಟಿನ ವಿಷಯದಲ್ಲಿ ನನಗೂ ನನ್ನ ಹೆಂಡತಿ ಪಾರ್ವತಮ್ಮನಿಗೂ ಮದುವೆಯಾದಂದಿನಿಂದ ವ್ಯಾಜ್ಯ. ಒಂದು ಯುಗಾದಿಯಲ್ಲಿ ಹಿಟ್ಟಿನ ಡಬ್ಬಿ ಖಾಲಿಯಾಗಿ, "ಈ ವರ್ಷ ಒಬ್ಬಟ್ಟನ್ನ ಆ ಪಂಚಾಂಗದೊಳಗೇ ಹುಡುಕ್ಕೊಳ್ಳಿ, ಅಂಟಿಸಿದ್ದೀರಲ್ಲ" ಅಂದಿದ್ದಳು. ಇರಲಿ. ಅಂಗಡಿ ಬಾಗಿಲ ಮೇಲೆ ನಾನೇ ಬರೆಸಿದ ಬೋರ್ಡು ಇತ್ತು: "ಒಂದು ಹಾಳೆ ಕಳೆದರೂ ಕೂಲಿ ಬೇಡ." ಬರೆಸಿದಂದಿನಿಂದ ಯಾರೂ ಆ ಬೋರ್ಡಿನ ಕಡೆ ಬೆರಳು ತೋರಿಸಿರಲಿಲ್ಲ.

ಎಪ್ಪತ್ತೆಂಟರಲ್ಲಿ ತೋರಿಸಿದರು. ತೋರಿಸಿದವರು ರಾಮಶೇಷಯ್ಯನವರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರು, ಊರಿನ ಕ್ಲಬ್ಬಿಗೆ ಸೆಕ್ರೆಟರಿ. ಕ್ಲಬ್ಬು ಅಂದರೆ ಇಸ್ಪೀಟು ಅಂದುಕೊಳ್ಳಬೇಡಿ. ಅಲ್ಲಿ ಎರಡು ಬೀರು ತುಂಬ ಇಂಗ್ಲಿಷ್ ಕಾದಂಬರಿ, ಎಲ್ಲ ಕೊಲೆಯವೇ. ಆ ಎರಡೂ ಬೀರುವಿನ ಪುಸ್ತಕಕ್ಕೆ ಹೊಸದಾಗಿ ಬೈಂಡು ಹಾಕಿಸಬೇಕು, ಕೆಲಸವನ್ನು ನನಗೆ ಕೊಡುವುದೋ ತುಮಕೂರಿನವರಿಗೆ ಕಳಿಸುವುದೋ ಅಂತ ಭಾನುವಾರದ ಮೀಟಿಂಗಿನಲ್ಲಿ ತೀರ್ಮಾನ ಆಗಬೇಕಿತ್ತು. "ನೋಡೋಣ, ಮೊದಲು ಮಾದರಿಗೆ ಒಂದು ಮಾಡು" ಅಂತ ರಾಮಶೇಷಯ್ಯನವರು ಒಂದು ಪುಸ್ತಕ ಕೊಟ್ಟಿದ್ದರು. ಅದರ ಹೆಸರು ಬೇಡ ಬಿಡಿ. ಯಾವುದೋ ದೊಡ್ಡ ಬಂಗಲೆಯಲ್ಲಿ ಒಂದು ಕೊಲೆ. ಹದಿನಾಲ್ಕನೇ ಅಧ್ಯಾಯದವರೆಗೆ ಅಚ್ಚುಕಟ್ಟಾಗಿತ್ತು, ಅಲ್ಲಿಂದ ಮುಂದೆ ಗೆದ್ದಲು ಹಿಡಿದಿತ್ತು.

ಅದೇ ವಾರ ದನದ ಡಾಕ್ಟರು ಮಲ್ಲೇಶಯ್ಯ ನನ್ನ ಅಂಗಡಿಗೆ ಬಂದರು. ಬಗಲಲ್ಲಿ ಅರ್ಧ ಪುಸ್ತಕ. ಬೆಂಗಳೂರಿನ ಫುಟ್‌ಪಾತಿನಲ್ಲಿ ತಗೊಂಡದ್ದಂತೆ. ದಂಡಿನಶಿವರದಲ್ಲಿ ಒಂದು ಹಸುವಿಗೆ ಹೊಟ್ಟೆಯುಬ್ಬರ ಅಂತ ಹೋಗಿ, ಪುಸ್ತಕವನ್ನು ಗೋದಲಿಯ ಮೇಲಿಟ್ಟು ಔಷಧಿ ಕಲಸುವುದರೊಳಗೆ, ಅದರ ಮೊದಲರ್ಧವನ್ನು ಪಕ್ಕದ ಹಸು ಮೇಯ್ದಿತ್ತು. "ಉಬ್ಬರದ ಹಸು ಹುಷಾರಾಯ್ತು ಕಣಪ್ಪ, ಈಗ ಓದಿದ ಹಸೂಗೆ ಉಬ್ಬರ" ಅಂದರು. "ನಾನಂತೂ ಅಷ್ಟೊತ್ತಿಗೆ ಮೊದಲರ್ಧ ಓದಿದ್ದೆ, ಉಳಿದಿದ್ದನ್ನೂ ಮುಗಿಸ್ದೆ. ರದ್ದಿಗೆ ಹಾಕ್ಕೋ." ನಾನು ಅದನ್ನು ತಿರುಗಿಸಿ ನೋಡುತ್ತೇನೆ, ಪುಟದ ತಲೆಯ ಮೇಲೆ ಕ್ಲಬ್ಬಿನ ಪುಸ್ತಕದ್ದೇ ಹೆಸರು! ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿದೆ, ಅದೇ. ಒಂದಕ್ಕೆ ಬಾಲ ಇಲ್ಲ, ಇನ್ನೊಂದಕ್ಕೆ ತಲೆ ಇಲ್ಲ. ಇಪ್ಪತ್ತು ವರ್ಷ ಕಸುಬು ಮಾಡಿದವನಿಗೆ ಇಂಥ ಯೋಗ ಎಷ್ಟು ಸಲ ಬರುತ್ತದೆ, ನೀವೇ ಹೇಳಿ. ಡಾಕ್ಟರ ಪುಸ್ತಕ ಹದಿಮೂರನೇ ಅಧ್ಯಾಯದ ನಡುವಿನಿಂದ ಶುರುವಾಗುತ್ತಿತ್ತು. ಹೆಚ್ಚಿಗೆ ಬಂದ ಎಂಟು ಹಾಳೆ ತೆಗೆದೆ. ಹದಿನಾಲ್ಕರ ಮುಂದೆ ಹದಿನೈದು ಕೂಡಿಸಿದೆ. ಡಾಕ್ಟರದ್ದು ಸ್ವಲ್ಪ ಎತ್ತರದ ಆಸಾಮಿ, ಅದರ ತಲೆ ಕಾಲು ಕತ್ತರಿಸಿ ಇನ್ನೊಂದರ ಸಮಕ್ಕೆ ತಂದೆ. ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿ, ಕ್ಲಬ್ಬಿಗೆ ಕೊಟ್ಟು, ಮನೆಗೆ ಬಂದು ಎರಡು ಮುದ್ದೆ ಜಾಸ್ತಿ ಉಂಡೆ.

ನಾಲ್ಕನೇ ದಿನ ರಾಮಶೇಷಯ್ಯನವರು ಛತ್ರಿ ಊರಿಕೊಂಡು ಅಂಗಡಿಗೆ ಬಂದರು. ಕುಳಿತುಕೊಳ್ಳಿ ಅಂದರೆ ಕೂರಲಿಲ್ಲ.

"ಏನಯ್ಯಾ ಗಂಗಾಧರಪ್ಪ, ಈ ಪುಸ್ತಕದಲ್ಲಿ ಎಷ್ಟು ಹಾಳೆ ತಿಂದೆ?"

"ನಾನು ತಿನ್ನಲಿಲ್ಲ ಸಾರ್. ಇದರ ಬಾಲ ಗೆದ್ದಲು ತಿಂತು, ಇನ್ನೊಂದರ ತಲೆ ಹಸು ತಿಂತು. ಉಳಿದದ್ದು ನಾನು ಹೊಲಿದೆ."

"ಏಳನೇ ಅಧ್ಯಾಯದಲ್ಲಿ ಮುದುಕ ಜಮೀನ್ದಾರ ವಿಷದ ಚಹಾ ಕುಡಿದು ಸತ್ತ. ಎಂಟರಲ್ಲಿ ಹೂತರು. ಪಾದ್ರಿ ಬಂದು ಪ್ರಾರ್ಥನೆ ಮಾಡಿದ. ಹದಿನೈದರಲ್ಲಿ ಅದೇ ಮುದುಕ ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾ ಕೂತಿದ್ದಾನೆ!"

"ಚಹಾ ಆಗಿಬರಲಿಲ್ಲ ಅಂತ ಕಾಫಿ ಶುರು ಮಾಡಿರಬೇಕು ಸಾರ್."

ಹೀಗೆ ಹೇಳಬಾರದಿತ್ತು. ಅವರ ಛತ್ರಿ ನನ್ನ ಅಂಟಿನ ಪಾತ್ರೆಗೆ ತಗುಲಿತು. "ಪುಟದ ನಂಬರು ಓದಲಿಕ್ಕಾದರೂ ಬರುತ್ತದಲ್ಲ? ಇಲ್ಲಿ ನೂರ ತೊಂಬತ್ತೆರಡು. ಮಗ್ಗುಲಲ್ಲಿ ಇನ್ನೂರ ಮೂವತ್ತೊಂದು. ನಡುವೆ ಮೂವತ್ತೆಂಟು ಪುಟ ಎಲ್ಲಿ? ಆ ಮೂವತ್ತೆಂಟು ಪುಟದಲ್ಲೇ ಮುದುಕ ಬದುಕಿರೋದು! ಅವನು ಹೇಗೆ ಬದುಕಿದ ಅಂತ ತಿಳಿಯದೆ ನನಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ." ಬಾಗಿಲು ದಾಟುವಾಗ ತಲೆಯೆತ್ತಿ ಬೋರ್ಡಿನ ಕಡೆ ಬೆರಳು ತೋರಿಸಿದರು. "ಭಾನುವಾರ ಮೀಟಿಂಗಿನಲ್ಲಿ ಹೇಳುತ್ತೇನೆ. ತುಮಕೂರಿನವರು ಹಾಳೆಯನ್ನಾದರೂ ಉಳಿಸುತ್ತಾರೆ."

ಕೆಲಸ ಹೋದರೆ ಹೋಗಲಿ, ಕೈಕಾಲು ಗಟ್ಟಿಯಿವೆ. ಆದರೆ 'ಗಂಗಾಧರಪ್ಪ ಹಾಳೆ ಕಳೆಯುತ್ತಾನೆ' ಅನ್ನುವ ಮಾತು ಒಂದು ಸಲ ಹೊರಟರೆ ಮೊದಲ ಬಸ್ಸು ಹತ್ತಿ ಚಿಕ್ಕನಾಯಕನಹಳ್ಳಿಯಲ್ಲಿ ಇಳಿಯುತ್ತದೆ. ಅಲ್ಲಿ ನನ್ನ ಅತ್ತೆಮನೆ ಇದೆ. ಪಾರ್ವತಮ್ಮ ಎಲ್ಲ ಕೇಳಿಸಿಕೊಂಡು, "ಓದಕ್ಕೆ ಬರ್ದಿದ್ಮೇಲೆ ಸುಮ್ನೆ ಕನ್ನಡದ್ದು ಹೊಲ್ಕೊಂಡಿರ್ಬಾರ್ದಾ? ಸತ್ತೋನ್ನ ಎಬ್ಬಿಸೋ ಕೆಲ್ಸ ಯಾಕೆ ಬೇಕಿತ್ತು ನಿಮ್ಗೆ?" ಅಂದಳು. ಓದಲು ಬರುವುದಿಲ್ಲ ಅನ್ನುವ ಮಾತು ಅವಳ ಬಾಯಲ್ಲಿ ಬಂದಾಗಲೆಲ್ಲ ನಾನು ಸುಮ್ಮನಾಗುತ್ತೇನೆ. ಅದಕ್ಕೊಂದು ಕಾರಣವಿದೆ. ನಮ್ಮ ಮದುವೆ ಮಾತು ಓಡಾಡಿಸಿದ ದಲ್ಲಾಳಿ ಚಿಕ್ಕನಾಯಕನಹಳ್ಳಿಯಲ್ಲಿ, "ಹುಡುಗ ಎಸ್ಸೆಸ್ಸೆಲ್ಸಿ ಪಾಸು, ಯಾವಾಗಲೂ ಕೈಲೊಂದು ಪುಸ್ತಕ" ಅಂದಿದ್ದ. ಬಿಳಿಗೆರೆಗೆ ಬಂದು, "ಹುಡುಗಿ ಎದುರು ಮಾತಾಡೋದೇ ಇಲ್ಲ ಬುಡು, ಸೌಮ್ಯ ಅಂದ್ರೆ ಸೌಮ್ಯ" ಅಂದಿದ್ದ. ಎರಡು ಊರಿಗೆ ಎರಡು ಥರ. ಎರಡನ್ನೂ ಒಂದೇ ಮನೆಯಲ್ಲಿಟ್ಟು ಹೊಲಿದ ಮೇಲೆ ತಾನೆ ಪುಟ ತಪ್ಪಿದ್ದು ಗೊತ್ತಾಗುವುದು.

ಭಾನುವಾರ ಬಂತು. ಕತ್ತಿ, ಒದ್ದೆಬಟ್ಟೆ, ಕಾಗದ ಮಡಚುವ ಮೂಳೆ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋದೆ. ಕ್ಲಬ್ಬಿನಲ್ಲಿ ಹತ್ತು ಹನ್ನೆರಡು ಜನ. ರಾಮಶೇಷಯ್ಯನವರು ಪುಸ್ತಕವನ್ನು ಎತ್ತಿ ಹಿಡಿದು, ಮುದುಕ ಸತ್ತದ್ದು, ಹೂತದ್ದು, ಕಾಫಿ ಕುಡಿದದ್ದು ಎಲ್ಲವನ್ನೂ ವಿವರಿಸಿದರು. ಅಷ್ಟರಲ್ಲಿ ಮಲ್ಲೇಶಯ್ಯ ಫಿನಾಯಿಲ್ ವಾಸನೆಯೊಂದಿಗೆ ಒಳಗೆ ಬಂದು, ಬಾಗಿಲಲ್ಲೇ ನಿಂತು ಕೇಳಿ, "ಯಾರು, ಆ ಮುದುಕನಾ? ಅವನೆಲ್ಲಿ ಸತ್ತ?" ಅಂದರು.

"ಏಳನೇ ಅಧ್ಯಾಯದಲ್ಲಿ ಸತ್ತ."

"ಏಳನೇ ಅಧ್ಯಾಯದಲ್ಲಿ ಅವನ ತಮ್ಮ ಸತ್ತ ಕಣ್ರೀ. ಕುದುರೆ ಲಾಯದಲ್ಲಿ ಗುಂಡೇಟು. ಮುದುಕ ಕೊನೇವರೆಗೂ ಗುಂಡುಕಲ್ಲಿನ ಹಾಗಿದ್ದಾನೆ."

"ತಮ್ಮನೇ? ತಮ್ಮ ಹೆಣಕ್ಕೆ ಹೆಗಲು ಕೊಟ್ಟಿದ್ದಾನೆ ಸ್ವಾಮೀ! ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ್ದೇನೆ ನಾನು."

"ನಾನು ಇಪ್ಪತ್ತು ವರ್ಷದಿಂದ ಸತ್ತಿದ್ಯಾವುದು ಬದುಕಿದ್ಯಾವುದು ಅಂತ ನೋಡ್ತಾನೇ ಇದೀನಿ. ನಂಗೆ ಹೇಳ್ತೀರಾ?"

ಸಭೆಯಲ್ಲಿ ಎರಡು ಪಕ್ಷವಾಯಿತು. ಪುಸ್ತಕ ಓದದವರೇ ಜೋರು. ನಾನು ಎದ್ದು ನಿಂತು, "ಸಾರ್, ಒಂದು ನಿಮಿಷ ಪುಸ್ತಕ ಕೊಡಿ" ಅಂದೆ. ಕೊಟ್ಟರು. ನಾನೇ ಹಾಕಿದ ಕೆಂಪು ಕ್ಯಾಲಿಕೋವನ್ನು ಬೆನ್ನುದ್ದಕ್ಕೂ ಸೀಳಿದೆ. ಎಲ್ಲರೂ ಹಾ ಅಂದರು. ನಾವು ಬೈಂಡಿನವರು ಕಾಗದ ಬಿಸಾಡುವುದಿಲ್ಲ. ಹೆಚ್ಚಿಗೆ ಬಂದ ಹಾಳೆಯನ್ನು ರಟ್ಟಿನ ಒಳಮೈಗೆ ಅಸ್ತರಿಯಾಗಿ ಅಂಟಿಸುತ್ತೇವೆ. ಒದ್ದೆಬಟ್ಟೆ ಒತ್ತಿ, ಮೂಳೆಯಿಂದ ಮೆಲ್ಲಗೆ ಎಬ್ಬಿಸಿ, ಎಂಟು ಹಾಳೆಯನ್ನೂ ಒಂದೊಂದಾಗಿ ಮೇಜಿನ ಮೇಲೆ ಹರಡಿದೆ. ಇನ್ನೂರ ಹದಿನೈದರಿಂದ ಇನ್ನೂರ ಮೂವತ್ತು.

"ಹದಿನಾರು ಪುಟ ನನ್ನ ರಟ್ಟಿನೊಳಗೆ. ಅದಕ್ಕೆ ಮುಂಚಿನ ಇಪ್ಪತ್ತೆರಡು ದಂಡಿನಶಿವರದ ಹಸುವಿನ ಹೊಟ್ಟೆಯೊಳಗೆ, ಡಾಕ್ಟರೇ ಸಾಕ್ಷಿ. ಒಟ್ಟು ಮೂವತ್ತೆಂಟು. ನನ್ನ ಕೈಲಿ ಹೋದದ್ದು ಯಾವುದು, ತೋರಿಸಿ."

ರಾಮಶೇಷಯ್ಯನವರು ಕನ್ನಡಕ ಏರಿಸಿ, ಅಂಟು ಮೆತ್ತಿದ ಹಾಳೆಯ ಮೇಲೆ ಬಗ್ಗಿ ಓದಿದರು. ಅವರ ಮುಖ ನೋಡಬೇಕಿತ್ತು. ಅಲ್ಲಿ ಮುದುಕ ತಮ್ಮನ ಸಮಾಧಿಯ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದನಂತೆ. ಪುಸ್ತಕದ ಮೊದಲ ಪುಟ ತೆಗೆದರು, ಲಂಡನ್, ಬೆಲೆ ಶಿಲ್ಲಿಂಗಿನಲ್ಲಿ. ಕೊನೆಯ ಪುಟ ತೆಗೆದರು, ನ್ಯೂಯಾರ್ಕ್, ಬೆಲೆ ಡಾಲರಿನಲ್ಲಿ. ಕುರ್ಚಿಯಲ್ಲಿ ಕುಸಿದು ಕೂತು, ಮೇಷ್ಟ್ರ ದನಿ ತಂದುಕೊಂಡು ಹೇಳಿದರು: "ಅಮೆರಿಕದಲ್ಲಿ ಅಚ್ಚು ಮಾಡುವವರು ಲಂಡನ್ನಿನ ಕಾದಂಬರಿಯನ್ನು ತಮ್ಮ ಜನಕ್ಕೆ ಒಗ್ಗುವ ಹಾಗೆ ತಿದ್ದುತ್ತಾರೆ ಅಂತ ಕೇಳಿದ್ದೆ. ಚಹಾ ಇದ್ದ ಕಡೆ ಕಾಫಿ, ಇಂಥದ್ದೆಲ್ಲ. ಹೆಣವನ್ನೇ ಬದಲಾಯಿಸುತ್ತಾರೆ ಅಂತ ಗೊತ್ತಿರಲಿಲ್ಲ."

"ಹಂಗಾದ್ರೆ ನಮ್ಮ ಪುಸ್ತಕದಲ್ಲಿ ಏನಾಯ್ತು?" ಅಂತ ಯಾರೋ ಕೇಳಿದರು.

ಆಗ ಎಲ್ಲರಿಗೂ ಹೊಳೆಯಿತು. ಮೊದಲರ್ಧದಲ್ಲಿ ಕೊಲೆ ಇದೆ, ಕೊಲೆಗಾರ ಇಲ್ಲ. ಕೊನೆಯರ್ಧದಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆ, ಆದರೆ ಅವನು ಮಾಡಿದ ಕೊಲೆಯೇ ಪುಸ್ತಕದಲ್ಲಿಲ್ಲ. ಪಾಪ, ಸುಮ್ಮಸುಮ್ಮನೆ ನೇಣಿಗೆ ಹೋಗುತ್ತಾನೆ. ನಗು ಶುರುವಾಗಿ ಮಲ್ಲೇಶಯ್ಯನವರಿಗೆ ಕೆಮ್ಮು ಹತ್ತಿತು. ಎರಡು ಬೀರುವಿನ ಕೆಲಸವೂ ನನಗೇ ಅಂತ ಕೈ ಎತ್ತಿದರು. ಒಂದೇ ಷರತ್ತು: ಇನ್ನು ಮುಂದೆ ಗಂಗಾಧರಪ್ಪ ಪುಸ್ತಕಗಳಿಗೆ ಮದುವೆ ಮಾಡಿಸಕೂಡದು. ಈ ಒಂದನ್ನು ಮಾತ್ರ ಹಾಗೇ ಹೊಲಿದುಕೊಡಬೇಕು. ಕ್ಲಬ್ಬಿನಲ್ಲಿ ಅದನ್ನು ಓದಲು ಸರತಿ ಇತ್ತು ಅಂದರೆ ನಂಬಿ. ಓದಿದವರೆಲ್ಲ ಸಂಜೆ ಕೂತು, ಮುದುಕನ ಚಹಾಕ್ಕೆ ವಿಷ ಹಾಕಿದವರು ಯಾರು ಅಂತ ವಾದ ಮಾಡುವುದು.

ಇಷ್ಟು ಹೇಳಿ ನಿಲ್ಲಿಸಿದ್ದರೆ ನನ್ನ ಮಾನಕ್ಕೆ ಒಳ್ಳೆಯದಿತ್ತು. ಆದರೆ ಮೀಟಿಂಗ್ ಮುಗಿದು ಹೊರಡುವಾಗ ರಾಮಶೇಷಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಅಲ್ಲಯ್ಯಾ, ಆ ಗೆದ್ದಲು ತಿಂದದ್ದರಲ್ಲಿ ಒಂದೆರಡು ಹಾಳೆಯಾದರೂ ಓದುವ ಹಾಗಿತ್ತೇ? ಕೊನೆಯ ಹಾಳೆ ಒಂದಾದರೂ?" ಅಂತ ಕೇಳಿದರು. ಬೇಡುವವರ ಹಾಗೆ ಕೇಳಿದರು. ನಾನು ಎದೆಯುಬ್ಬಿಸಿ, "ಬರೀ ಮಣ್ಣು ಸಾರ್" ಅಂದೆ. ಅದು ಸುಳ್ಳು. ಅಂಚು ಮಾತ್ರ ತೂತಾಗಿತ್ತು, ನಡುವೆಲ್ಲ ನೆಟ್ಟಗಿತ್ತು. ಡಾಕ್ಟರ ಹೊಸ ಹಾಳೆ ಸಿಕ್ಕಿದ ಹಿಗ್ಗಿನಲ್ಲಿ ಆ ಕಟ್ಟನ್ನು ನಾನೇ ಮನೆಗೆ ಒಯ್ದು, ತೆಂಗಿನ ಮಟ್ಟೆಯ ಜೊತೆ ಹಂಡೆ ಒಲೆಗೆ ಹಾಕಿದ್ದೆ. ಲಂಡನ್ನಿನ ಕೊಲೆಗಾರನ ಹೆಸರು ಹೇಳಿಕೊಂಡು ಉರಿದ ಬೆಂಕಿಯಲ್ಲಿ ನಾನು ಬಿಸಿನೀರು ಸ್ನಾನ ಮಾಡಿದವನು. ರಾತ್ರಿ ಪಾರ್ವತಮ್ಮನಿಗೆ ಹೇಳಿದೆ. "ನೀರು ಚೆನ್ನಾಗಿ ಕಾದಿತ್ತಲ್ಲ, ಬುಡಿ" ಅಂದಳು. ಮಾರನೇ ದಿನ ಬೋರ್ಡನ್ನು ಇಳಿಸಿದೆ. ಕೇಳಿದವರಿಗೆ ಬಣ್ಣ ಹೋಗಿತ್ತು ಅಂದೆ.

ಆಮೇಲೆ ರಾಮಶೇಷಯ್ಯನವರು ಕ್ಲಬ್ಬಿನ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರ ಮೇಲೂ ಅನುಮಾನ ಪಡುವುದನ್ನು ನೋಡಲಾರದೆ, ಮೊದಲರ್ಧವನ್ನು ನಾನೇ ಓದಿ ಕೊಲೆಗಾರನನ್ನು ಹಿಡಿದುಕೊಡುತ್ತೇನೆ ಅಂತ ತೀರ್ಮಾನ ಮಾಡಿದೆ. ಅವರನ್ನೇ ಗುರು ಮಾಡಿಕೊಂಡೆ. ಯಾಕೆ ಈ ವಯಸ್ಸಿನಲ್ಲಿ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಂಜೆ ಅರ್ಧ ಗಂಟೆ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು. ಆರು ವರ್ಷವಾಯಿತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒತ್ತುವ ಪ್ರೆಸ್ಸು ಒಂದು, ಕತ್ತಿ ಎರಡು, ಸೂಜಿ ಹದಿನಾಲ್ಕು, ಬಿಳಿಗೆರೆಯಲ್ಲಿ ತೆಂಗಿನಮರ ಮೂವತ್ತೊಂದು, ಎದುರು ಮಾತಾಡದ ಹೆಂಡತಿ ಒಬ್ಬಳು, ಓದಿ ಮುಗಿಸಿದ ಇಂಗ್ಲಿಷ್ ಪುಟ ಹನ್ನೊಂದು. ಮುದುಕ ಸದ್ಯಕ್ಕೆ ಆರೋಗ್ಯವಾಗಿದ್ದಾನೆ.