ಸ್ವಂತ ಮನೆಗೆ ಗಿರಾಕಿಯಾದ ಭಾವ

ನಮ್ಮ ಭಾವನಂಥ ಗಿರಾಕಿ ಇಡೀ ಹಾಸನ ಜಿಲ್ಲೆಯಲ್ಲಿ ಸಿಗಲಾರರು. ತಮ್ಮ ಮನೆಯನ್ನು ತಾವೇ ನೋಡಲು ಬಂದು, ತಮ್ಮ ಹೆಂಡತಿಯ ಕೈಯಿಂದಲೇ ಕಾಫಿ ಇಸಿದುಕೊಂಡು ಕುಡಿದು, "ಯಾಕೋ ಮನಸ್ಸಿಗೆ ಬರ್ತಿಲ್ಲ, ನೋಡಾಣ" ಎಂದು ಎದ್ದು ಹೋದ ಇನ್ನೊಬ್ಬ ಮನುಷ್ಯ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಇವರು ಹಾಗೆ ಎದ್ದು ಹೋದದ್ದು ಒಂದು ಸಲವಲ್ಲ.

ಭಾವ ಎಂದರೆ ನನ್ನ ದೊಡ್ಡಕ್ಕನ ಯಜಮಾನರು. ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಹಣ್ಣಿನ ಜೊತೆ ಕಾಯಿ ಯಾಕೆ ಕಿತ್ತಿರಿ ಎಂದು ಬೈಯುವುದು, ನಡುವಿನ ಹೊತ್ತಿನಲ್ಲಿ ಹುಳುಕು ಹುಡುಕುವುದು, ಇದಕ್ಕೆ ಇವರಿಗೆ ಸಂಬಳ! ವಾರವೆಲ್ಲ ಎಸ್ಟೇಟಿನಲ್ಲೇ ವಾಸ. ಭಾನುವಾರ ಮನೆಗೆ ಬಂದರೆ ಊಟ, ನಿದ್ದೆ, ಮತ್ತೆ ಬಸ್ಸು. ಬಾಳ್ಳುಪೇಟೆಯಿಂದ ಮೇಲಕ್ಕೆ, ಗುಡ್ಡದ ಓರೆಯಲ್ಲಿ ಒಂದಿಷ್ಟು ಕಾಫಿ ಗಿಡಗಳ ನಡುವೆ ಇದ್ದ ಆ ಮನೆಯನ್ನು ನಡೆಸಿದವಳು ಅಕ್ಕ. ಅವರಿಗೆ ಮಕ್ಕಳಿರಲಿಲ್ಲ.

ಭಾವ ರಿಟೈರಾಗಿ ಮನೆ ಸೇರಿದ ಮೇಲೆ ಇನ್ನು ಇಬ್ಬರೂ ನೆಮ್ಮದಿಯಾಗಿ ಜಗಳವಾಡಿಕೊಂಡಿರಬಹುದು ಎಂದುಕೊಂಡಿದ್ದೆವು. ಅಷ್ಟರಲ್ಲಿ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಹಾಸನದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮೆಷಿನ್ನಿನ ಪಕ್ಕ ಮಲಗಬೇಕು. ಅಕ್ಕ ಈಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಗಿಸಲು ಕೂತವಳು ನಡುನಡುವೆ ಯಾಕೆ ಮೂಗು ಒರೆಸಿಕೊಳ್ಳುತ್ತಾಳೆ ಎಂದು ನಿಮಗೆ ಅನುಮಾನ ಬರುತ್ತದೆ.

ಆಗ ಎಲ್ಲರೂ ಸೇರಿ ಮಾಡಿದ ತೀರ್ಮಾನ ಒಂದೇ. ಈ ಮನೆ, ಜಾಗ ಮಾರುವುದು. ಹಾಸನದಲ್ಲಿ ಆಸ್ಪತ್ರೆಗೆ ಹತ್ತಿರ ಸಣ್ಣದೊಂದು ಮನೆ ಕೊಳ್ಳುವುದು. ಇದು ಮಾರದೆ ಅದು ಬರುವಂತಿರಲಿಲ್ಲ. ಭಾವನ ಗೆಳೆಯರೊಬ್ಬರು ಬಾಳ್ಳುಪೇಟೆಯಲ್ಲಿ ಕಾಫಿ ವ್ಯಾಪಾರ ಮಾಡುತ್ತಾರೆ. ಊರಿಗೆಲ್ಲ ಅವರು ಭಾಯಿ. ಅವರೇ ಬಂದು ಮನೆ ಸುತ್ತಿ ನೋಡಿ, ಏನು ಮಾಡಿಸಿದರೆ ಲಾಭ, ಏನು ದಂಡ ಎಂದು ಬಿಡಿಸಿ ಹೇಳಿದರು.

"ಸುಣ್ಣಬಣ್ಣ ಹೊಡ್ಸು. ಒಡೆದಿರೋ ಹೆಂಚು ಬದಲಾಯ್ಸು. ಗೇಟಿನ ತನಕ ಕಾರು ಬರೋ ಹಂಗೆ ರೋಡು ಸಮ ಮಾಡ್ಸು. ಇನ್ನೇನಕ್ಕೂ ಕೈ ಹಾಕ್ಬೇಡ ಮಾರಾಯ. ಒಳಗೆ ನೀನು ಏನ್ ಮಾಡ್ಸಿದ್ರೂ ತಗೊಳ್ಳೋನು ಒಡೆದು ಬೇರೆ ಮಾಡ್ಕೋತಾನೆ."

ಎಷ್ಟು ಸರಳ! ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರೆ ಅವರು ನಮ್ಮ ಭಾವ ಹೇಗಾದಾರು?

"ಕಾಫಿನೇ ಹಂಗೆ ಕೊಡಲ್ಲ ನಾವು" ಎಂದರು ಭಾವ. "ಒಂದು ಹಿಡಿ ಕುಟ್ಟಿ, ಸಿಪ್ಪೆ ಹಾರ್ಸಿ, ಔಟ್‌ಟರ್ನ್ ಎಷ್ಟು, ಒಳಗಿನ ಬೀಜ ಎಷ್ಟು ತೂಗ್ತದೆ ಅಂತ ನಾವೇ ಮೊದ್ಲು ನೋಡ್ಕಂತೀವಿ. ಆಮೇಲೆ ವ್ಯಾಪಾರಿ ಹತ್ರ ಹೋಗೋದು. ಮನೆನೂ ಅಷ್ಟೆ. ಮೊದ್ಲು ನಾವೇ ಗಿರಾಕಿ ಆಗ್ಬೇಕು."

ಮರುದಿನ ಬೆಳಿಗ್ಗೆ ನಾನು ಅಕ್ಕನ ಜೊತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಭಾವ ಇಸ್ತ್ರಿ ಷರಟು ಹಾಕಿಕೊಂಡು, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಹಿತ್ತಲ ಬಾಗಿಲಿಂದ ಹೊರಟರು. ಪೇಟೆಗೆ ಹೋದರೇನೋ ಎಂದುಕೊಂಡೆವು. ಕಾಫಿ ಗಿಡಗಳ ನಡುವೆ ಬಳಸಿಕೊಂಡು ಬಂದು ಮುಂದಿನ ಗೇಟಿನಲ್ಲಿ ನಿಂತು ಕೆಮ್ಮಿದರು.

"ಇಲ್ಲಿ ಮನೆ ಕೊಡಾದೈತಂತೆ?"

ಅಕ್ಕ ತಲೆಯೆತ್ತಿ ನೋಡಿದಳು. "ಗುಂಡಿ ಮೇಲೆ ಕೆಳಗೆ ಆಗೈತೆ. ಸರಿಯಾಗಿ ಹಾಕ್ಕಂಡ್ ಬನ್ನಿ" ಎಂದಳು.

ಗಿರಾಕಿ ಗಿಡದ ಮರೆಗೆ ಹೋಗಿ ಗುಂಡಿ ಸರಿಮಾಡಿಕೊಂಡು ಮತ್ತೆ ಬಂದು ಕೆಮ್ಮಿದರು. ಈ ಸಲ ಅಕ್ಕನಿಗೂ ಏನು ಹುರುಪು ಬಂತೋ, ಸೆರಗು ಸರಿಮಾಡಿಕೊಂಡು, "ಬನ್ನಿ, ಕೂತ್ಕಳಿ. ಯಜಮಾನ್ರು ಮನೇಲಿಲ್ಲ. ಇದ್ದಿದ್ರೂ ಏನೂ ಪ್ರಯೋಜನ ಇರ್ತಿರ್ಲಿಲ್ಲ" ಎಂದಳು. ಕಾಯಿಲೆ ಬಿದ್ದ ಮೇಲೆ ಅವಳು ತಮಾಷೆ ಮಾಡಿದ್ದು ಅದೇ ಮೊದಲು. ನಾನು ಮೊರದಲ್ಲಿ ಮುಖ ಮುಚ್ಚಿಕೊಂಡೆ.

ಗಿರಾಕಿ ಗೋಡೆ ತಟ್ಟಿದರು, ಕಿಟಕಿ ಅಲ್ಲಾಡಿಸಿದರು. ತಾವೇ ಮುಂದೆ ನಿಂತು ಹಾಕಿಸಿದ ಬಾಗಿಲಿಗೆ "ಯಾವ ಬಡಗಿ ಮಾಡಿದ್ದು ಇದು?" ಎಂದು ಮೂಗು ಮುರಿದರು. ಕೊನೆಗೆ, "ಅಡ್ಗೆಮನೆ ಹೆಂಗೆ? ತೊಂದ್ರೆ ಏನಾರ ಇದ್ರೆ ಈಗ್ಲೇ ಹೇಳ್ಬುಡಿ" ಎಂದರು.

ಅಕ್ಕ ಕಾಫಿ ಲೋಟ ಅವರ ಕೈಗೆ ಕೊಟ್ಟಳು. "ಕಟ್ಟೆ ಎತ್ತರ ಕಣ್ರೀ. ಕಟ್ಸುವಾಗ ಯಜಮಾನ್ರು ಅವ್ರ ಸೊಂಟಕ್ಕೆ ಸಮ ಮಾಡಿ ಅಳತೆ ಕೊಟ್ಬುಟ್ರು. ಅವ್ರು ಒಂದು ದಿನನೂ ಅಲ್ಲಿ ನಿಂತೋರಲ್ಲ. ನಾನು ಇವತ್ತಿನ ತನಕ ಮಣೆ ಮೇಲೆ ನಿಂತ್ಕಂಡೇ ರೊಟ್ಟಿ ತಟ್ಟಾದು. ಎರಡು ಸಲ ಜಾರಿ ಬಿದ್ದಿದೀನಿ."

ಭಾವ ತಾವು ಗಿರಾಕಿ ಎಂಬುದನ್ನು ಮರೆತರು. "ಅಲ್ಲ ಕಣೇ, ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಯಾರು?" ಎಂದಳು ಅಕ್ಕ.

ಗಿರಾಕಿ ಕಾಫಿ ಕುಡಿದು ಮುಗಿಸಿ, ನೋಡಾಣ ಎಂದು ಎದ್ದು ಹೋದರು. ಮಾರನೆಯ ದಿನ ಆಲೂರಿನಿಂದ ಗಾರೆಯವರು ಬಂದು ಕಟ್ಟೆ ಒಡೆಯತೊಡಗಿದರು. ಸುದ್ದಿ ಕೇಳಿ ಓಡಿಬಂದ ಭಾಯಿ ತಲೆಯ ಮೇಲೆ ಕೈಹೊತ್ತುಕೊಂಡರು. "ಕಟ್ಟೆ ತಗ್ಗಿಸಿದ್ರೆ ರೇಟು ಏರುತ್ತಾ? ಹೆಂಚು ಬದಲಾಯ್ಸು ಅಂದಿದ್ನಲ್ಲೋ." ಭಾವ ಜಗ್ಗಲಿಲ್ಲ. ಕಟ್ಟೆ ಒಣಗಿದ ದಿನ ಅಕ್ಕ ನೆಲದ ಮೇಲೆ ನೆಟ್ಟಗೆ ನಿಂತು ಅಕ್ಕಿರೊಟ್ಟಿ ತಟ್ಟಿದಳು. ಅವಳು ತಿನ್ನುವ ಹಾಗಿದ್ದದ್ದು ಕಾಲು ರೊಟ್ಟಿ. ತಟ್ಟಿದ್ದು ಮಾತ್ರ ನಮಗೆಲ್ಲರಿಗೂ ಆಗಿ ಮಿಗುವಷ್ಟು.

ಆಮೇಲೆ ಗಿರಾಕಿ ಆಗಾಗ ಬರತೊಡಗಿದರು. ಒಂದು ದಿನ ಟೋಪಿ ಹಾಕಿಕೊಂಡು, ಇನ್ನೊಂದು ದಿನ ಕಪ್ಪು ಕನ್ನಡಕದಲ್ಲಿ. ಪ್ರತಿ ಸಲವೂ ಅಕ್ಕ ಹೊಸದೊಂದು ಕೊರತೆ ಹೇಳುವಳು, ಅದು ರಿಪೇರಿಯಾಗುವುದು. ಕೋಣೆಯ ಕಿಟಕಿ ಬೆಳಕು ಬರುವ ದಿಕ್ಕಿಗೆ ಬಂತು. ಹಿತ್ತಲ ಬಾಗಿಲಿಂದ ಬಚ್ಚಲಿಗೆ ಹೋಗಲು ಕಾಫಿ ಒಣಗಿಸುವ ಕಣ ದಾಟಬೇಕು, ಮಳೆಗಾಲವೆಲ್ಲ ನೆನೆದುಕೊಂಡೇ ಓಡಾಡಿದೆ ಎಂದು ಅಕ್ಕ ಹೇಳಿದ್ದೇ ತಡ, ಸಿಲ್ವರ್ ಓಕಿನ ಕಂಬ ನೆಟ್ಟು ಉದ್ದಕ್ಕೂ ಶೀಟು ಹೊದಿಸಿದರು. ವಾರ ಕಳೆಯುವುದರೊಳಗೆ ಆನೆ ಬಂತು. ನಮ್ಮ ಕಡೆ ಇದು ವಿಶೇಷವೇನಲ್ಲ, ಆನೆ ಎಲ್ಲಿದೆ ಎಂದು ಮೊಬೈಲಿಗೆ ಮೆಸೇಜು ಬರುತ್ತದೆ. ಅದು ಹಿತ್ತಲ ಬಾಳೆಗಿಡ ತಿಂದು, ಹೊಸ ಕಂಬಕ್ಕೆ ಮೈ ಉಜ್ಜಿ, ಶೀಟಿನ ಸಮೇತ ಮಲಗಿಸಿ ಹೋಗಿತ್ತು. ಬೆಳಿಗ್ಗೆ ಭಾವ ಹೆಜ್ಜೆ ಗುರುತಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ನಿಜವಾದ ಗಿರಾಕಿ ಅಂತ ಬಂದಿದ್ದು ಇವ್ರೊಬ್ರೇ" ಎಂದಳು ಅಕ್ಕ ಬಾಗಿಲಲ್ಲಿ ನಿಂತು. "ರೇಟು ಏನಾರ ಕೇಳಿದ್ರಾ?"

ಭಾವ ನಗಲಿಲ್ಲ. ಕಂಬಗಳನ್ನು ಮತ್ತೆ ನೆಡಿಸಿದರು.

ನನಗೂ ನಗು ಬರುವುದು ನಿಂತಿತು. ನಾನು ಆಲೂರಿನಲ್ಲಿ ಬಟ್ಟೆ ಹೊಲಿಯುವವಳು. ಆಸ್ಪತ್ರೆಯ ದಿನ ಭಾವ ಅಕ್ಕನನ್ನು ಆಟೋದಲ್ಲಿ ಬಾಳ್ಳುಪೇಟೆಗೆ ತಂದು ಬಸ್ಸು ಹತ್ತಿಸಿ, ಗಾರೆ ಕೆಲಸ ನೋಡಲು ವಾಪಸು ಹೋಗುವರು. ನಾನು ಆಲೂರಿನಲ್ಲಿ ಅದೇ ಬಸ್ಸು ಹತ್ತಿ ಅವಳ ಜೊತೆ ಹಾಸನಕ್ಕೆ ಹೋಗುವೆನು. ಹೋಗುವಾಗ ಅಕ್ಕ ಕಿಟಕಿಗೆ ಹಣೆಯೊತ್ತಿ ಕಣ್ಣು ಮುಚ್ಚಿರುತ್ತಿದ್ದಳು. ಬರುವಾಗ ಮೆಟ್ಟಿಲು ಹತ್ತಲು ಕಾಲೇ ಏಳುತ್ತಿರಲಿಲ್ಲ. ಕಂಡಕ್ಟರು ಕೈ ಹಿಡಿದು ಎಳೆದುಕೊಳ್ಳುತ್ತಿದ್ದ. ಆದರೆ ಬಾಳ್ಳುಪೇಟೆಯಲ್ಲಿ ಆಟೋ ಹಿಡಿದು ಕಾಯುತ್ತಿದ್ದ ಗಂಡ ಕಂಡ ಕೂಡಲೇ ಮುಖ ಒರೆಸಿಕೊಂಡು ನಗುತ್ತಾ ಇಳಿಯುವಳು.

ಒಂದು ದಿನ ತಡೆಯಲಾರದೆ ಭಾವನ ಮೇಲೆ ಹಾರಿದೆ. "ನಿಮ್ಮ ರಿಪೇರಿ ಮುಗಿಯೋ ಹೊತ್ತಿಗೆ ಅಕ್ಕನೇ ಮುಗ್ದು ಹೋಗ್ತಾಳೆ. ಬಂದಷ್ಟಕ್ಕೆ ಕೊಟ್ಟು ಹಾಸನಕ್ಕೆ ಹೊರಡಿ. ಬಸ್ಸಲ್ಲಿ ಅವಳು ಪಡೋ ಪಾಡು ನಿಮಗೆ ಗೊತ್ತಾ?"

"ಅವಳು ಏನೂ ಹೇಳ್ಲಿಲ್ವಲ್ಲ" ಎಂದರು ಭಾವ. ನಿಜವಾಗಿ ಆಶ್ಚರ್ಯದಿಂದಲೇ ಹೇಳಿದರು.

ಇದು ಎಸ್ಟೇಟಿನ ಪಾಠ. ಅಲ್ಲಿ ಬೆಳಿಗ್ಗೆ ಹಾಜರಿ ಹೊತ್ತಿನಲ್ಲಿ ಲೈನ್ ಮನೆಗಳಲ್ಲಿರುವ ಆಳುಗಳು ಬಂದು ಹೆಂಚು ಸೋರುತ್ತಿದೆ, ನಲ್ಲಿ ಕೆಟ್ಟಿದೆ ಎಂದು ರೈಟರಿಗೆ ದೂರು ಹೇಳಬೇಕು. ದೂರು ಹೇಳಿದ ಮನೆಗೆ ಆಳು ಹೋಗುತ್ತಾನೆ. ದೂರು ಬಾರದ ಮನೆ ಎಂದರೆ ಚೆನ್ನಾಗಿರುವ ಮನೆ. ಆಯುಸ್ಸೆಲ್ಲ ಹೀಗೇ ನಡೆಸಿದ ಮನುಷ್ಯನಿಗೆ, ಹೇಳದೆ ಇರುವ ಕಷ್ಟವೂ ಇರುತ್ತದೆ ಎಂದು ನಾನು ಹೇಗೆ ತಿಳಿಸಲಿ? ಸಿಟ್ಟು ಬಂತು, ಅಳುವೂ ಬಂತು. ಅಕ್ಕನನ್ನೇ ಹೋಗಿ ಕೇಳಿದೆ, ಈ ಹುಚ್ಚಾಟಕ್ಕೆ ನೀನೂ ಯಾಕೆ ಕುಣಿಯುತ್ತೀ ಎಂದು.

"ಬಿಡೇ" ಎಂದಳು. "ಗಿರಾಕಿಯಾಗಿ ಬಂದಾಗ ಎಷ್ಟೊತ್ತು ಕೂತ್ಕಂಡು ಮಾತಾಡ್ತಾರೆ ನೋಡು. ಗಂಡ ಆಗಿ ಇಷ್ಟು ಯಾವತ್ತು ಮಾತಾಡಿದ್ರು?"

ಅದಾದ ಮೇಲೆ ನಾನು ರಿಪೇರಿಯ ವಿಷಯಕ್ಕೆ ಭಾವನ ಜೊತೆ ಜಗಳ ತೆಗೆಯಲಿಲ್ಲ.

ಬಿಸಿಲು ಏರುವ ತಿಂಗಳಲ್ಲಿ ಭಾಯಿ ಕೊನೆಗೂ ಒಬ್ಬ ಅಸಲಿ ಗಿರಾಕಿಯನ್ನು ಕರೆತಂದರು. ಘಟ್ಟದ ಕೆಳಗಿನವರು, ಹೋಂಸ್ಟೇ ಮಾಡುವ ಉದ್ದೇಶ. ಅವರು ಕಾರಿಳಿದು ಮನೆಗೆ ಬೆನ್ನು ಹಾಕಿ ನಿಂತರು. ಎದುರಿನ ಗುಡ್ಡದ ಫೋಟೋ ತೆಗೆದರು, ಕಣದ ಅಂಚಿಗೆ ಹೋಗಿ ಕಣಿವೆಯ ಫೋಟೋ ತೆಗೆದರು.

"ಒಳಗೆ ಬನ್ನಿ ಸಾರ್, ಅಡ್ಗೆಮನೆ ನೋಡಿ" ಎಂದರು ಭಾವ. "ಕಟ್ಟೆ ಹೊಸ್ದಾಗಿ ಮಾಡ್ಸಿದೀವಿ. ಹೆಂಗಸ್ರಿಗೆ ಸರಿಯಾದ ಅಳತೆ."

"ಪರವಾಗಿಲ್ಲ ಬಿಡಿ" ಎಂದರು ಅವರು. "ಮನೆ ಹೇಗೂ ಕೆಡವುತ್ತೇವೆ. ಇಲ್ಲಿ ಕಾಟೇಜು ಬರುತ್ತದೆ." ಬೆಲೆಯನ್ನೂ ಅವರೇ ಹೇಳಿದರು. ಒಳ್ಳೆಯ ಬೆಲೆ. ಭಾಯಿ ಹಿಂದೆ ನಿಂತು, ಒಪ್ಪಿಕೋ ಎಂದು ಕಣ್ಸನ್ನೆ ಮಾಡುತ್ತಿದ್ದರು.

ಭಾವನ ಮುಖ ನೋಡಲಾಗಲಿಲ್ಲ. ನೋಡಾಣ ಎಂದು ಹೇಳಿ ಕಳಿಸಿಬಿಡುತ್ತಾರೆ ಎಂದುಕೊಂಡೆ. ಅವರು ಹಾಗೆ ಹೇಳಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅಕ್ಕನ ಹತ್ತಿರ ಬಂದು, ಟೋಪಿ ಇಲ್ಲದೆ, ಕನ್ನಡಕ ಇಲ್ಲದೆ, ಹಳೆಯ ಬನಿಯನ್ನಿನಲ್ಲೇ ಅವಳೆದುರು ಕುಕ್ಕರಗಾಲಲ್ಲಿ ಕೂತರು.

"ಏನಂತೀಯೇ? ಕೊಡಾಣ?"

ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿದಳು. ಕೆಡವುವವರಿಗೆ ಬೇಡ ಎನ್ನುತ್ತಾಳೆಂದೇ ನನಗನ್ನಿಸಿತು.

"ಕೊಟ್ಬುಡಿ" ಎಂದಳು. "ಆ ಬಸ್ಸು ಹತ್ತಾಕೆ ನನ್ ಕೈಲಾಗಲ್ಲ ಕಣ್ರೀ. ಬಾಳ ದಿನ ಆಯ್ತು, ಆಗ್ತಿಲ್ಲ."

"ಅಷ್ಟು ಸಲ ಬಂದು ಕೇಳಿದ್ನಲ್ಲೇ" ಎಂದರು ಭಾವ.

"ಗಿರಾಕಿ ಹತ್ರ ಮನೆ ವಿಷ್ಯ ಹೇಳ್ಬೋದು" ಎಂದಳು ಅಕ್ಕ. "ನನ್ ವಿಷ್ಯ ಹೇಳಕ್ಕಾಗ್ತದಾ?"

ಭಾವ ತಿರುಗಿ ಕಣದಲ್ಲಿ ನಿಂತಿದ್ದವರಿಗೆ "ಆಯ್ತು ಸಾರ್, ಕೊಟ್ಟಿದೀನಿ" ಎಂದರು. ಒಂದು ಮಾತು ಚೌಕಾಸಿ ಇಲ್ಲ. ಆಮೇಲೆ ಅಕ್ಕನ ಕಡೆ ನೋಡಿ, "ಇನ್ನೇನೈತೆ, ಎಲ್ಲಾ ಹೇಳು" ಎಂದರು.

"ಕಾಲು ಬಾಳ ನೋಯ್ತದೆ" ಎಂದಳು ಅಕ್ಕ.

ಒಂದು ಕಾಲದಲ್ಲಿ ಎಸ್ಟೇಟಿನ ಆಳುಗಳೆಲ್ಲ ಹೆದರುತ್ತಿದ್ದ ರೈಟರು, ಭಾಯಿಯ ಎದುರಿಗೆ, ಗುರುತಿಲ್ಲದ ಆ ಗಿರಾಕಿಯ ಎದುರಿಗೆ, ಬಾತುಕೊಂಡಿದ್ದ ಅವಳ ಎರಡೂ ಪಾದಗಳನ್ನು ತೊಡೆಯ ಮೇಲೆ ತೆಗೆದುಕೊಂಡರು. ಬಂದವರಿಗೆ ಕಾಫಿ ಮಾಡಲೆಂದು ನಾನು ಒಳಗೆ ಹೋದೆ. ಬಂದವರು ಕಾಫಿ ಕುಡಿದು, ಅವರ ಕಾರು ಇಳಿಜಾರು ಇಳಿದು ಹೋದ ಮೇಲೂ ಭಾವ ಅಲ್ಲೇ ಕೂತು ನೀವುತ್ತಿದ್ದರು. ಅಕ್ಕ ಒಂದೊಂದಾಗಿ ಹೇಳುತ್ತಲೇ ಇದ್ದಳು.