ಅಳಿಯಂದಿರ ಇಪ್ಪತ್ತು ಸುತ್ತು

ಓದಿದವರು ನಾಲ್ಕು ಜನ ಸೇರಿದ ಕಡೆ ನಾನು ಕಾಲಿಟ್ಟರೆ ಸಾಕು, ಅಲ್ಲೊಂದು ಪೆದ್ದುತನ ನಡೆದೇ ನಡೆಯುತ್ತದೆ, ಅದನ್ನು ನೋಡಲು ನನಗೆ ಮುಂದಿನ ಸಾಲಿನಲ್ಲೇ ಜಾಗ ಸಿಗುತ್ತದೆ. ಹಣೆಬರಹ. ತೊಂಬತ್ತರ ದಶಕದ ಕೊನೆಯಲ್ಲಿ ಮಣಿಪಾಲ ಬಿಟ್ಟು ಕ್ವಾಲಾಲಂಪುರದ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಹೇಳಲು ಹೋದಾಗ, ಇನ್ನಾದರೂ ಗಂಭೀರ ಜನರ ನಡುವೆ ಬದುಕಬಹುದು ಅಂದುಕೊಂಡಿದ್ದೆ. ಮೊದಲ ಭಾನುವಾರದವರೆಗೆ ಆ ನಂಬಿಕೆ ಇತ್ತು.

೧. ಡಾಕ್ಟರ್ ಅಂದ್ರೆ ಡಾಕ್ಟರ್

ಊರಾಚೆ, ತವರದ ಗಣಿ ಮುಚ್ಚಿದ ಬಯಲಿನಲ್ಲಿ ಮೊಟ್ಟೆಯಾಕಾರದ ಪುಟ್ಟ ರೇಸ್ ಟ್ರ್ಯಾಕ್ ಇತ್ತು. ಗುಜರಿಗೆ ಹೋಗಬೇಕಾದ ಹಳೇ ಕಾರುಗಳ ಗಾಜು ಕಿತ್ತು, ಬಾಗಿಲನ್ನು ಹಗ್ಗದಲ್ಲಿ ಬಿಗಿದು, ಮೈಮೇಲೆ ನಂಬರ್ ಬರೆದು ಅಲ್ಲಿ ಸುತ್ತು ಹೊಡೆಸುತ್ತಿದ್ದರು. ಗಾಣದ ಎತ್ತೂ ಸುತ್ತುತ್ತದೆ, ಆದರೆ ಕೊನೆಗೆ ಎಣ್ಣೆಯಾದರೂ ಬರುತ್ತದೆ. ಇಲ್ಲಿ ಬರುತ್ತಿದ್ದದ್ದು ಕೆಂಪು ಧೂಳು ಮಾತ್ರ.

ಇದನ್ನೆಲ್ಲ ನಡೆಸುತ್ತಿದ್ದವನು ಒಬ್ಬ ವರ್ಕ್‌ಶಾಪ್ ಮಾಲೀಕ. ನಮ್ಮ ಡೀನ್ ಕಾರು ರಿಪೇರಿಗೆ ಬಿಡುತ್ತಿದ್ದದ್ದು ಅವನಲ್ಲೇ. ಅವನು ರೇಸಿಗೊಬ್ಬ ಡಾಕ್ಟರ್ ಬೇಕು ಅಂದ, ಡೀನ್ ಹಿಂದೆಮುಂದೆ ನೋಡದೆ ನನ್ನನ್ನು ಕಳಿಸಿದರು. "ನಾನು ಅನಾಟಮಿ ಮೇಷ್ಟ್ರು, ಆ ಥರದ ಡಾಕ್ಟರಲ್ಲ" ಅಂತ ಬೇಡಿಕೊಂಡೆ. ಮಾಲೀಕ ಮಾತಿನ ಕೊನೆಗೆ ಆ ಊರಿನವರ "ಲಾ" ಅಂಟಿಸಿ, "ಡಾಕ್ಟರ್ ಅಂದ್ರೆ ಡಾಕ್ಟರ್ ಲಾ" ಅನ್ನುತ್ತ ಒಂದು ಅಯೋಡಿನ್ ಬಾಟಲಿ ಕೈಗಿಟ್ಟು ನನ್ನನ್ನು ಬಿಸಿಲಲ್ಲಿ ಕೂರಿಸಿದ.

ರೇಸಿಗೆ ಮುಂಚೆ ಡ್ರೈವರುಗಳೆಲ್ಲ ಬಂದು ಕೈಕುಲುಕಿದರು. ಹಿಂದಿನ ವಾರ ಮೂರು ಕಾರಿಗೆ ಗುದ್ದಿದ್ದ ಮೀಸೆಯವನೊಬ್ಬ ಕೇಳಿದ, "ಡಾಕ್ಟರ್, ಇದುವರೆಗೆ ಎಷ್ಟು ಜನರನ್ನ ನೋಡಿದ್ದೀರಿ?"

"ನೂರಾರು ಜನ."

"ಎಲ್ಲರೂ ಹುಷಾರಾದ್ರಾ?"

"ನನ್ನ ಹತ್ತಿರ ಬರುವಾಗಲೇ ಸತ್ತಿರ್ತಾರೆ. ನಾನು ಕೊಯ್ದು ಹುಡುಗರಿಗೆ ತೋರಿಸ್ತೀನಿ."

ಅವತ್ತು ಅವನು ಇಡೀ ರೇಸನ್ನು ಎರಡನೇ ಗೇರಿನಲ್ಲೇ ಮುಗಿಸಿದ.

೨. ಹಾರನ್

ನಾವಿದ್ದ ಬಡಾವಣೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ನಮ್ಮ ಎದುರು ಫ್ಲಾಟಿನವನು ಮೈಸೂರಿನ ಸಾಫ್ಟ್‌ವೇರ್ ಎಂಜಿನಿಯರ್. ಆಗಿನ್ನೂ ಕಟ್ಟಡಗಳು ಏಳುತ್ತಿದ್ದ ಸೈಬರ್‌ಜಯಾದಲ್ಲಿ ಅವನ ಆಫೀಸು. ನನ್ನ ಜೊತೆ ಒಂದು ಭಾನುವಾರ ಟ್ರ್ಯಾಕ್ ನೋಡಲು ಬಂದವನು, ಮುಂದಿನ ಭಾನುವಾರ ಹೆಲ್ಮೆಟ್ ಹಾಕಿಕೊಂಡು ಬಂದ. ಅಷ್ಟರಲ್ಲಿ ಮೈಸೂರಿಗೆ ಫೋನ್ ಮಾಡಿ, "ನಾನಿಲ್ಲಿ ರೇಸ್ ಡ್ರೈವರ್" ಅಂತ ಮಾವನಿಗೆ ಹೇಳಿಯೂ ಆಗಿತ್ತು.

ಈ ಮಾವ ರಿಟೈರ್ಡ್ ಹೆಡ್‌ಮಾಸ್ಟರ್. ಮದುವೆ ಮಾತುಕತೆಯಲ್ಲೇ, "ಈ ಹುಡುಗ ಹಿಡಿದ ಕೆಲಸ ಮುಗಿಸೋ ಪೈಕಿ ಅಲ್ಲ" ಅಂದುಬಿಟ್ಟಿದ್ದರಂತೆ. ಆ ಮಾತು ಅಳಿಯನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಮಾವ ಮುಂದಿನ ತಿಂಗಳು ಬರುವವರಿದ್ದರು. ಅವರ ಕಣ್ಣೆದುರು ಒಂದು ರೇಸ್ ಪೂರ್ತಿ ಮುಗಿಸಬೇಕು, ಗೆಲ್ಲದಿದ್ದರೂ ಚಿಂತೆಯಿಲ್ಲ. ಇಷ್ಟೇ ಅವನ ಆಸೆ.

ಮೊದಲ ರೇಸಿಗೆ ಅವನ ಕಾರಿನ ಹಾರನ್ ಕಿತ್ತರು. ಎಲ್ಲರದ್ದೂ ಕೀಳುತ್ತಿದ್ದರು, ಅದು ನಿಯಮ. ಇವನು ಹೌಹಾರಿದ. "ಹಾರನ್ ಇಲ್ದೆ ಹೇಗೆ ಡಾಕ್ಟ್ರೇ ಓಡ್ಸೋದು? ಬೇಕಾದ್ರೆ ಬ್ರೇಕ್ ಕಿತ್ಕೊಳ್ಳಲಿ!"

ಹಾರನ್ ಬದಲಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸೈಡ್! ಸೈಡ್ ಬಿಡ್ರೀ!" ಅಂತ ಅಚ್ಚ ಕನ್ನಡದಲ್ಲಿ ಕೂಗುತ್ತ ಓಡಿಸಿದ. ಮೂರನೇ ಸುತ್ತಿಗೆ ಬಾಯಿ ತುಂಬ ಧೂಳು ತುಂಬಿ, ಕೆಮ್ಮುತ್ತ ಹೊರಬಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕೆಮ್ಮಿನ ನಡುವೆಯೇ ನನಗೆ ಹೇಳಿದ, "ಈ ಜನಕ್ಕೆ ಕನ್ನಡ ಬಂದಿದ್ರೆ ನಾನೇ ಫಸ್ಟ್ ಡಾಕ್ಟ್ರೇ."

೩. ಕೈಸನ್ನೆ

ಮುಂದಿನ ಸಲ ಬಾಯಿ ಮುಚ್ಚಿದ್ದ, ಕೈ ಹೊರಗೆ ಬಿಟ್ಟಿದ್ದ. ಟ್ರ್ಯಾಕ್ ಪೂರ್ತಿ ಎಡಕ್ಕೇ ತಿರುಗುವುದು ತಾನೇ? ಎಡಕ್ಕೆ ತಿರುಗುವಾಗ ಬಲಗೈ ಹೊರಚಾಚಿ ಗಿರಗಿರ ತಿರುಗಿಸಬೇಕು ಅಂತ ನಮ್ಮ ಡ್ರೈವಿಂಗ್ ಸ್ಕೂಲುಗಳಲ್ಲಿ ಕಲಿಸುತ್ತಾರಲ್ಲ, ಹಾಗೆ ತಿರುಗಿಸುತ್ತಲೇ ಇದ್ದ. ಹಿಂದಿನವರೆಲ್ಲ, 'ಮುಂದೆ ಹೋಗಿ' ಅನ್ನುತ್ತಿದ್ದಾನೆ ಅಂದುಕೊಂಡು, ಥ್ಯಾಂಕ್ಸ್ ಹೇಳಿ ಮುಂದೆ ಹೋದರು. ಐದನೇ ಸುತ್ತಿನಲ್ಲಿ ಒಂದೇ ಕೈಗೆ ಸ್ಟಿಯರಿಂಗ್ ದಕ್ಕದೆ ಕಾರು ಚರಂಡಿಗಿಳಿಯಿತು.

"ಸಿಗ್ನಲ್ ಕೊಡ್ದೆ ತಿರುಗಿಸೋಕಾಗುತ್ತಾ ಡಾಕ್ಟ್ರೇ? ಮೈಸೂರಲ್ಲಿ ಹಾಗೇ ಕಲ್ತಿದ್ದು" ಅಂದ.

ಪಕ್ಕದಲ್ಲಿದ್ದ ಅವನ ಹೆಂಡತಿ ಹಣೆ ಚಚ್ಚಿಕೊಂಡಳು. "ಮೈಸೂರಲ್ಲಿ ಇವ್ರು ಸಿಗ್ನಲ್ ಕೊಟ್ಟಿದ್ದು ನಾನು ಒಂದು ದಿನಾನೂ ನೋಡಿಲ್ಲ."

೪. ಮಾವ ಬಂದರು

ಮಾವ ಪಂಚೆ, ಕೋಟು, ಬಗಲಲ್ಲೊಂದು ಪಂಚಾಂಗದ ಸಮೇತ ಟ್ರ್ಯಾಕಿಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಅವತ್ತು ಹನ್ನೆರಡು ಕಾರು, ಇಪ್ಪತ್ತು ಸುತ್ತು. ನಾಲ್ಕು ಇಪ್ಪತ್ತಕ್ಕೆಲ್ಲ ಕಾರುಗಳು ಸಾಲಾಗಿ ನಿಂತು ಗುರ್‌ಗುಟ್ಟುತ್ತಿದ್ದವು. ಬಾವುಟ ಬೀಸಬೇಕಾದ ಮಾಲೀಕ ಮಾತ್ರ ಗೇಟಿನ ಬಳಿ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ತಪಾವ್ ಮಾಡಿಸಲು, ಅಂದರೆ ಚೀಲಕ್ಕೆ ಕಟ್ಟಿಸಿಕೊಳ್ಳಲು, ಹೋಗಿದ್ದ.

ಮಾವ ಗಡಿಯಾರ ನೋಡಿದರು, ಪಂಚಾಂಗ ನೋಡಿದರು, ಧಡಕ್ಕನೆ ಎದ್ದು ಅಳಿಯನ ಕಾರಿನ ಹತ್ತಿರ ಹೋದರು. ನಾನೂ ಹಿಂದೆ ಓಡಿದೆ.

"ಅಳಿಯಂದ್ರೇ, ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಅದಕ್ಕೆ ಮುಂಚೆ ಹೊರಟುಬಿಡಿ. ಹೊರಟ ಮೇಲೆ ಯಾರು ಕರೆದ್ರೂ ನಿಲ್ಲಬೇಡಿ, ಹಿಂದೆ ತಿರುಗಿ ನೋಡಬೇಡಿ."

"ಸಾರ್, ಬಾವುಟ ಬೀಸೋಕೆ ಮುಂಚೆ ಹೊರಡೋ ಹಾಗಿಲ್ಲ" ಅಂದೆ ನಾನು.

"ಬಾವುಟ ಬೀಸೋನು ಪಂಚಾಂಗ ನೋಡಿದ್ದಾನಾ?"

ಸೈಬರ್‌ಜಯಾದಲ್ಲಿ ಕಂಪ್ಯೂಟರನ್ನೇ ಕುಣಿಸುವ ಆ ಎಂಜಿನಿಯರ್ ನನ್ನ ಮುಖ ನೋಡಿದ, ಮಾವನ ಮುಖ ನೋಡಿದ, ಗೇರ್ ಹಾಕಿ ಹೊರಟೇಬಿಟ್ಟ.

ಅವನು ಹೊರಟದ್ದು ಕಂಡು, ರೇಸ್ ಶುರುವಾಯಿತು ಅಂತ ಉಳಿದ ಹನ್ನೊಂದೂ ಹಿಂದೆ ನುಗ್ಗಿದವು. ಒಬ್ಬನಾದರೂ ಬಾವುಟ ಬಿತ್ತೇ ಅಂತ ನೋಡಬೇಡವೇ! ಮಾಲೀಕ ಚಹಾದ ಪ್ಲಾಸ್ಟಿಕ್ ಚೀಲ ಬಿಸಾಕಿ, ಕೆಂಪು ಬಾವುಟ ಹಿಡಿದು, ನನಗೆ ಅರ್ಥವಾಗದ ಮಲಯ್ ಭಾಷೆಯಲ್ಲಿ ಬೈಯುತ್ತ ಓಡಿಬಂದ. ಸರಿಯಾಗಿ ನಾಲ್ಕೂವರೆಗೆ ಹನ್ನೊಂದು ಕಾರೂ ಗಕ್ಕನೆ ಬದಿಗೆ ನಿಂತವು.

ನಮ್ಮವನು ನಿಲ್ಲಲಿಲ್ಲ. ಮಾಲೀಕ ಬಾವುಟ ಬೀಸಿದ, ಟೋಪಿ ಬೀಸಿದ, ಕೊನೆಗೆ ಚಪ್ಪಲಿ ಬೀಸಿ ಎಸೆದ. ಯಾರು ಕರೆದರೂ ನಿಲ್ಲದೆ, ಹಿಂದೆ ತಿರುಗಿ ನೋಡದೆ, ಅವನೊಬ್ಬನೇ ಸುತ್ತಿದ. ಉಳಿದ ಡ್ರೈವರುಗಳು ಬಾನೆಟ್ ಮೇಲೆ ಕೂತು ಬಾಳೆಹಣ್ಣಿನ ಬಜ್ಜಿ ತಿನ್ನುತ್ತ ಅವನ ಸುತ್ತು ಎಣಿಸಿದರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು.

ಕಾರಿನಿಂದ ಇಳಿದ ಅಳಿಯನನ್ನು ಮಾವ ತಬ್ಬಿಕೊಂಡರು. "ಹಿಡಿದ ಕೆಲಸ ಮುಗಿಸಿದ್ರಿ ಅಳಿಯಂದ್ರೇ" ಅನ್ನುವಾಗ ಹೆಡ್‌ಮಾಸ್ಟರರ ಕಣ್ಣು ಒದ್ದೆಯಾಗಿತ್ತು. ಅಳಿಯನೂ ಅತ್ತ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ಪೆದ್ದುತನಕ್ಕೆ ಇಷ್ಟು ಮರ್ಯಾದೆಯೇ? ಇವರಿಗೆ ನಿಜ ಹೇಳಲೇಬೇಕು ಅಂದುಕೊಂಡೆ.

ಅಷ್ಟರಲ್ಲಿ ಅವರೇ ಕೇಳಿದರು, "ಉಳಿದವ್ರೆಲ್ಲ ಎಲ್ಲಿ ಡಾಕ್ಟ್ರೇ?"

"ಅಗೋ, ನಿಂತಿದ್ದಾರೆ ಸಾರ್. ರೇಸ್ ಇನ್ನೂ ಶುರುವೇ ಆಗಿಲ್ಲ."

ಮಾವ ನಿಂತ ಕಾರುಗಳನ್ನೊಮ್ಮೆ ನೋಡಿದರು, ಗಡಿಯಾರವನ್ನೊಮ್ಮೆ ನೋಡಿದರು, ಏನೂ ತಿಳಿಯದ ದಡ್ಡನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಶುರುವಾಗೋದು ಹೇಗೆ ಡಾಕ್ಟ್ರೇ? ನಾಲ್ಕೂವರೆ ಆಯ್ತಲ್ಲ! ಆರು ಗಂಟೆವರೆಗೆ ಒಂದು ಗಾಡೀನೂ ಅಲ್ಲಾಡಲ್ಲ, ಬರೆದಿಟ್ಕೊಳ್ಳಿ."